ಹಿಂದಕ್ಕೆ ನಡೆಯುವ ಹೆಂಗಸರು

ನನ್ನ ಗಂಡ ಬೋರ್ಡು ಬರೆಯುತ್ತಾರೆ. ಊರಿನ ಮುಖ್ಯ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ, ಕಿರಾಣಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ತನಕ, ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವು. ಎಲ್ಲರೂ ಅವರನ್ನು ಬೋರ್ಡಣ್ಣ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷ ಅಕ್ಷರ ಬರೆದ ಮನುಷ್ಯನಿಗೆ ಒಂದು ಆಸೆ ಉಳಿದುಕೊಂಡಿತ್ತು. ಅಕ್ಷರವೇ ಇಲ್ಲದ ಒಂದು ದೊಡ್ಡ ಚಿತ್ರ ಬರೆಯಬೇಕು, ಜನ ಅದರ ಮುಂದೆ ನಿಲ್ಲಬೇಕು. ಬೋರ್ಡಿನ ಮುಂದೆ ಯಾರೂ ನಿಲ್ಲುವುದಿಲ್ಲ. ಓದಿಕೊಂಡು ಅಂಗಡಿಯೊಳಗೆ ಹೋಗಿಬಿಡುತ್ತಾರೆ.

ಭತ್ತ ಬೆಳೆಗಾರರ ಸಂಘದವರು ಹೊಸ ಸಭಾಂಗಣ ಕಟ್ಟಿಸಿದಾಗ ಆ ಆಸೆಗೆ ಜಾಗ ಸಿಕ್ಕಿತು. ಬಾಗಿಲು ದಾಟಿದ ಕೂಡಲೇ ಎದುರಿಗೆ ಮೂವತ್ತಡಿ ಉದ್ದದ ಗೋಡೆ. ಒಂದು ಕಿಟಕಿಯಿಲ್ಲ, ಒಂದು ಮೊಳೆಯಿಲ್ಲ. ಸಂಘದ ಅಧ್ಯಕ್ಷರು ಅದನ್ನು ನೋಡಿ, "ಇದನ್ನ ಹೀಗೇ ಬಿಟ್ರೆ ಆಸ್ಪತ್ರೆ ಥರ ಇರುತ್ತೆ. ನಾಟಿ ಮಾಡೋ ಹೆಂಗಸರ ಚಿತ್ರ ಬರಿ ಬೋರ್ಡಣ್ಣ. ನಗುನಗ್ತಾ ಇರ್ಲಿ," ಎಂದರು.

ಮೂರು ವಾರ ಕೆಲಸ ನಡೆಯಿತು. ನನಗೆ ಹೊಲಿಗೆ ಯಂತ್ರದ ಕೆಲಸವಿದೆ. ಮಧ್ಯಾಹ್ನ ಅದಕ್ಕೆ ಮುಸುಕು ಹಾಕಿ ಸಭಾಂಗಣಕ್ಕೆ ಹೋಗಿ ಏಣಿ ಹಿಡಿಯುತ್ತಿದ್ದೆ, ಬಣ್ಣ ಕಲಸಿ ಕೊಡುತ್ತಿದ್ದೆ. ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಏಣಿಗೆ ಕಟ್ಟಿಕೊಂಡು, ಅದನ್ನು ನೋಡಿ ನೋಡಿ ಅವರು ಹನ್ನೆರಡು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಎಲ್ಲರೂ ಚೆಲುವೆಯರು. ಕೈಯಲ್ಲಿ ಸಸಿಯ ಕಟ್ಟು. ಅವರ ಹಿಂದೆ ಆಕಾಶದ ಅಂಚಿನವರೆಗೂ ಹಸಿರು ಪೈರು, ಮುಂದೆ ಕನ್ನಡಿಯಂಥ ಕೆಸರು ನೀರು. ಅವರ ಪಾದಗಳನ್ನು ಬರೆಯಲು ಎರಡು ದಿನ ಹಿಡಿಯಿತು. ಒಂದೊಂದು ಬೆರಳಿಗೂ ಉಗುರು ಇತ್ತು.

ಅಧ್ಯಕ್ಷರು ಬಂದು ನೋಡಿ ಬೆನ್ನು ತಟ್ಟಿದರು. ಉದ್ಘಾಟನೆಗೆ ಇನ್ನು ಹತ್ತು ದಿನವಿತ್ತು.

ನಾಟಿಯವಳ ಮಗಳು ನಾನು. ನನಗಾದರೂ ಕಾಣಬೇಕಿತ್ತು. ಆದರೆ ಹದಿನಾಲ್ಕನೇ ವಯಸ್ಸಿಗೆ ಅಮ್ಮ ನನ್ನನ್ನು ಹೊಲಿಗೆ ಕಲಿಯಲು ಹಾಕಿ, "ಒಂದು ಮನೆಗೆ ಒಂದು ಬಗ್ಗಿದ ಬೆನ್ನು ಸಾಕು," ಎಂದಿದ್ದಳು. ಆಮೇಲೆ ನಾನು ಗದ್ದೆಗೆ ಇಳಿದವಳಲ್ಲ. ಹಸಿರು ನೋಡಿ ಚೆಂದ ಎಂದುಕೊಂಡು ಸುಮ್ಮನಿದ್ದೆ.

ಅಮ್ಮ ಹನ್ನೆರಡು ಜನರ ನಾಟಿ ಗುಂಪಿಗೆ ಮುಂದಾಳು. ಸುತ್ತಲಿನ ಹತ್ತು ಹಳ್ಳಿಗೂ ಅವಳು ದೊಡ್ಡಕ್ಕ. ಆ ಗುರುವಾರ ಅವಳ ಗುಂಪಿನ ಕೆಲಸ ಬೇಗ ಮುಗಿದಿತ್ತು. ನಮ್ಮಿಬ್ಬರಿಗೂ ಊಟದ ಡಬ್ಬಿ ಹಿಡಿದುಕೊಂಡು ಸಭಾಂಗಣಕ್ಕೆ ಬಂದಳು. ಗೋಡೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದಳು. ಆಮೇಲೆ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತು, ಅಳಿಯನ ಎದುರು ನಗಬಾರದೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

"ಯಾಕತ್ತೆ, ಚೆನ್ನಾಗಿಲ್ವಾ?" ಎಂದರು ನಮ್ಮವರು.

"ಚೆನ್ನಾಗಿದೆ ಅಳಿಯಂದ್ರೇ. ಹುಡುಗೀರು ಲಕ್ಷಣವಾಗಿದ್ದಾರೆ. ಯಾರ ಮದುವೆಗೆ ಹೊರಟಿದ್ದಾರೆ?"

"ನಾಟಿ ಮಾಡ್ತಾ ಇದ್ದಾರೆ."

"ಓಹೋ. ಹಿಂದುಗಡೆ ಇರೋ ಆ ಹಸಿರು ಯಾರು ನೆಟ್ಟಿದ್ದು?"

"ಇವರೇ."

"ಮುಂದಿರೋ ಕೆಸರಲ್ಲಿ ಇನ್ನು ನೆಡ್ಬೇಕು, ಅಲ್ವಾ?"

"ಹೌದು."

"ಅಂದ್ರೆ ನೆಟ್ಟಿದ್ದನ್ನೆಲ್ಲ ತುಳ್ಕೊಂಡು ಈ ಕಡೆ ಬಂದಿದ್ದಾರೆ. ನನ್ನ ಗುಂಪಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಊಟದ ಹೊತ್ತಿಗೆ ಮುಂಚೆ ಮನೆಗೆ ಅಟ್ತೀನಿ."

ನಮ್ಮವರ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ಅಮ್ಮ ಎದ್ದಳು. ಡಬ್ಬಿಯಲ್ಲಿದ್ದ ಬ್ರಷ್ಷುಗಳನ್ನು ಕಟ್ಟಿನಂತೆ ಎಡಗೈಗೆ ತಗೊಂಡಳು, ಸೊಂಟದಿಂದ ಬಗ್ಗಿದಳು, ಒಂದೊಂದನ್ನೇ ಎಳೆದು ಬಲಗೈಯ ಮೂರು ಬೆರಳಲ್ಲಿ ನೆಲಕ್ಕೆ ಒತ್ತುತ್ತಾ ಹಿಂದಕ್ಕೆ ಸರಿದಳು. ಹೆಜ್ಜೆ ಹಿಂದಕ್ಕೆ, ಕಣ್ಣು ಮುಂದಕ್ಕೆ. ನಯವಾದ ಹೊಸ ನೆಲದ ಮೇಲೆ ಅರವತ್ತೆರಡು ವರ್ಷದ ನನ್ನ ಅಮ್ಮ ನೀರು ಹರಿದ ಹಾಗೆ ಹಿಂದಕ್ಕೆ ಹೋಗುತ್ತಿದ್ದಳು.

"ನಾವು ಹಿಂದಕ್ಕೆ ನಡೀತೀವಿ ಅಳಿಯಂದ್ರೇ. ನೆಟ್ಟಿದ್ದು ಕಣ್ಣೆದುರಿಗಿರುತ್ತೆ, ನೆಡಬೇಕಾದ್ದು ಬೆನ್ನ ಹಿಂದೆ. ನೀವು ಗದ್ದೇನೇ ತಿರುಗಿಸಿ ಇಟ್ಟಿದ್ದೀರಿ." ನೆಟ್ಟಗಾಗಿ ಮತ್ತೊಮ್ಮೆ ಗೋಡೆ ನೋಡಿದಳು. "ಇನ್ನೊಂದು. ಈ ಪಾದಗಳು ಯಾರವು? ನಾಟಿಯಲ್ಲಿ ಪಾದ ಕಂಡೋರು ಯಾರೂ ಇಲ್ಲ. ಮೊಣಕಾಲಿಂದ ಕೆಳಗೆ ನಾವು ಇರೋದೇ ಇಲ್ಲ."

ಅವಳು ಹೋದ ಮೇಲೆ ಡಬ್ಬಿಯ ಅನ್ನ ಹಾಗೇ ತಣ್ಣಗಾಯಿತು. ನಾನು ಲೋಕದ ಮಾತು ಆಡಿದೆ. "ಬಿಡ್ರೀ, ಅಧ್ಯಕ್ಷರಿಗೆ ಹಿಡಿಸಿದೆ. ಹತ್ತು ದಿನದಲ್ಲಿ ಉದ್ಘಾಟನೆ. ಯಾರು ಇಷ್ಟೊಂದು ನೋಡ್ತಾರೆ?"

"ಈ ಹಾಲ್‌ಗೆ ಬರೋರು ಯಾರು?"

"ಗದ್ದೆಯವರು."

"ಹಾಗಾದ್ರೆ ಎಲ್ಲರೂ ನೋಡ್ತಾರೆ. ಎಲ್ಲರೂ ನಿಮ್ಮಮ್ಮನ ಥರ ಬಾಯಿಗೆ ಕೈ ಇಟ್ಕೋತಾರೆ. ನಾನು ಸಾಯೋ ತನಕ ಬೋರ್ಡಣ್ಣನೇ."

ಸಂಜೆ ಅಮ್ಮನ ಮನೆಗೆ ಹೋಗಿ ಕೇಳಿಯೇಬಿಟ್ಟರು. "ಅತ್ತೆ, ನಾಳೆ ನಾನೂ ನಾಟಿಗೆ ಬರ್ಲಾ?"

"ಬನ್ನಿ. ಆದ್ರೆ ಬದು ಮೇಲೆ ನಿಂತ್ಕೊಂಡು ನೋಡೋ ಹಾಗಿಲ್ಲ. ಆ ಕ್ಯಾಲೆಂಡರ್ ಬರೆದೋನು ಬದು ಮೇಲೂ ನಿಂತಿಲ್ಲ, ರಸ್ತೇಲಿ ಬಸ್ಸಲ್ಲಿ ಕೂತು ನೋಡಿರಬೇಕು."

ಮರುದಿನ ನಾನೂ ಹೋದೆ. ನನ್ನ ಗಂಡ ಮೊಣಕಾಲಿನ ಮೇಲೆ ಬಟ್ಟೆ ಮಡಚಿ ಗದ್ದೆಗಿಳಿದದ್ದನ್ನು ನೋಡದಿದ್ದರೆ ನನ್ನ ಜನ್ಮಕ್ಕೆ ಒಂದು ಕೊರತೆ ಉಳಿಯುತ್ತಿತ್ತು. ಮೊದಲ ಹೆಜ್ಜೆಗೇ ಚಪ್ಪಲಿ ಹೂತುಹೋಯಿತು. ಚಪ್ಪಲಿ ಹಾಕಿಕೊಂಡು ಗದ್ದೆಗಿಳಿದವರನ್ನು ಆ ಗುಂಪು ಅಂದೇ ನೋಡಿದ್ದು.

"ದೊಡ್ಡಕ್ಕ, ಅಳಿಯಂದ್ರು ಎಕ್ಕಡ ನೆಡ್ತಾ ಇದ್ದಾರೆ," ಎಂದಳು ಗುಂಪಿನ ಗಂಟಲಕ್ಕ. ಅವಳ ಮಾತು ಎರಡು ಗದ್ದೆಯಾಚೆ ಕೇಳುತ್ತದೆ, ಅದಕ್ಕೇ ಆ ಹೆಸರು.

"ಬೆಳೆದ್ರೆ ನಮಗೂ ಒಂದು ಜೊತೆ ಕೊಡ್ಲಿ," ಎಂದಳು ಅವಳ ಪಕ್ಕದ ಉದ್ದಕ್ಕ.

ಅಮ್ಮ ಅವರಿಬ್ಬರ ನಡುವೆ ನಮ್ಮವರನ್ನು ನಿಲ್ಲಿಸಿದಳು. ಸಾಲು ನೇರ ಬರಲೆಂದು ಹಗ್ಗ ಎಳೆದು ಕಟ್ಟಿದರು. ಹನ್ನೆರಡು ಬೆನ್ನುಗಳು ಒಟ್ಟಿಗೆ ಬಗ್ಗಿದವು, ಹದಿಮೂರನೆಯದು ಸ್ವಲ್ಪ ತಡವಾಗಿ. ಹೆಂಗಸರ ಕೈ ನೀರಿಗೆ ಇಳಿದದ್ದು, ಎದ್ದದ್ದು ಕಾಣುತ್ತಲೇ ಇರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ನಮ್ಮವರು ಒಂದೊಂದು ಸಸಿಯನ್ನೂ ಅಕ್ಷರ ಬರೆದಂತೆ ನಿಧಾನವಾಗಿ ನೆಟ್ಟರು. ಅರ್ಧ ಗಂಟೆಯಲ್ಲಿ ಆಗಬೇಕಾದ್ದು ಆಯಿತು. ಎಡಗಡೆ ಗಂಟಲಕ್ಕ, ಬಲಗಡೆ ಉದ್ದಕ್ಕ ಇಬ್ಬರೂ ನೆಡುತ್ತಾ ನೆಡುತ್ತಾ ದೂರ ಹಿಂದಕ್ಕೆ ಸರಿದುಬಿಟ್ಟರು. ಇವರ ಎರಡು ಬದಿಗೂ ಹಸಿರು, ಎದುರಿಗೂ ಹಸಿರು. ನಡುವಿನ ಸಣ್ಣ ಓಣಿಯಲ್ಲಿ ಇವರೊಬ್ಬರೇ. ಇದಕ್ಕೆ ನಾಟಿಯವರು ಗೂಡಿಗೆ ಬೀಳುವುದು ಎನ್ನುತ್ತಾರೆ. ಹೊಸಬರು ಗೂಡಿಗೆ ಬಿದ್ದ ದಿನ ಉಳಿದವರಿಗೆ ದಣಿವೇ ತಿಳಿಯುವುದಿಲ್ಲ.

"ಅಳಿಯಂದ್ರು ಗೂಡಿಗೆ ಬಿದ್ರು," ಎಂದು ಗಂಟಲಕ್ಕ ಊರಿಗೆ ಕೇಳುವ ಹಾಗೆ ಸಾರಿದಳು. "ಮೊಟ್ಟೆ ಇಡೋ ತನಕ ಬಿಡೋದು ಬೇಡ."

ನಮ್ಮವರು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು, ತಿರುಗಿ ನೋಡಿದರು. ಹಾಗೇ ನಿಂತುಬಿಟ್ಟರು. ಅಮ್ಮ ಬಗ್ಗಿದಲ್ಲಿಂದಲೇ, "ಅಳಿಯಂದ್ರೇ, ನಿಂತ್ರೆ ಆಮೇಲೆ ಬಗ್ಗೋಕಾಗಲ್ಲ," ಎಂದಳು. ಅವರಿಗೆ ಕೇಳಿಸಲಿಲ್ಲ. ಬದುವಿನ ಮೇಲಿದ್ದ ನನಗೆ ಅವರ ಮುಖ ಕಾಣುತ್ತಿತ್ತು. ಕಳೆದುಹೋದ ಬೀಗದ ಕೈ ತನ್ನ ಜೇಬಿನಲ್ಲೇ ಸಿಕ್ಕಿದವನ ಮುಖ ಅದು.

ಆ ದಿನ ಅವರು ಒಂದು ಗೆರೆಯನ್ನೂ ಬರೆದುಕೊಳ್ಳಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಬೋರಲು ಬಿದ್ದರು. ನಾನು ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ದಿಂಬಿನೊಳಗಿಂದಲೇ ಹೇಳಿದರು: "ಅಲ್ಲಿಂದ ಮುಖ ಕಾಣಲ್ಲ ಕಣೇ. ಬರೀ ತಲೆಬಟ್ಟೆ, ಬೆನ್ನು, ಕೈ. ಆದ್ರೂ ಯಾರು ಯಾರು ಅಂತ ಪೂರ್ತಿ ಗೊತ್ತಾಗುತ್ತೆ. ನಿಮ್ಮಮ್ಮನ ಎಡ ಭುಜ ಸ್ವಲ್ಪ ಇಳಿದಿದೆ, ನೋಡಿದ್ದೀಯಾ?"

ಅಮ್ಮನ ಮಗಳಾಗಿ ನಾನು ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ಬಿಳಿ ಬಣ್ಣದ ಡಬ್ಬಿ ತೆರೆದರು. ಮೂರು ವಾರದ ಕೆಲಸ. ನಾನು ಏಣಿ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದೆ. ಎಡಗಡೆಯಿಂದ ಬಲಗಡೆಗೆ ಒಬ್ಬೊಬ್ಬ ಚೆಲುವೆಯೂ ನಗುನಗುತ್ತಲೇ ಮರೆಯಾದಳು. ಕೊನೆಗೆ ಉಳಿದದ್ದು ಇಪ್ಪತ್ತನಾಲ್ಕು ಪಾದಗಳು. ಅವುಗಳ ಮುಂದೆ ಅವರು ಒಂದು ನಿಮಿಷ ಕೂತರು. "ಉಗುರು ಚೆನ್ನಾಗಿ ಬಂದಿತ್ತು," ಎಂದು ಹೇಳಿ ಬಿಳಿ ಹೊಡೆದರು.

ಏಳು ದಿನ ಅವರು ಮನೆಗೆ ಬರೀ ಮಲಗಲು ಬಂದರು. ಈ ಸಲ ಏಣಿಗೆ ಯಾವ ಹಾಳೆಯನ್ನೂ ಕಟ್ಟಿರಲಿಲ್ಲ. ಸಸಿಗಳನ್ನು ನೆಲದಿಂದಲೇ ಶುರುಮಾಡಿದರು. ನೆಲ ಗೋಡೆ ಸೇರುವ ಜಾಗದಲ್ಲೇ ಬೇರು ಬಿಟ್ಟ ಹಾಗೆ ಮುಂದಿನ ಸಾಲು. ನಿಜವಾದ ಸಸಿಯಷ್ಟೇ ಎತ್ತರ. ಅಲ್ಲಿಂದ ಸಾಲುಗಳು ಚಿಕ್ಕದಾಗುತ್ತಾ ಗೋಡೆಯ ನಡುವಿಗೆ ಹೋದವು. ನಡುವಿನಲ್ಲಿ ನಮ್ಮ ಕಡೆಗೆ ತಲೆ ಬಗ್ಗಿಸಿದ ಹೆಂಗಸರು. ಅವರ ಬೆನ್ನ ಹಿಂದೆ ಇನ್ನೂ ನೆಡದ ಕೆಸರು, ಮೇಲೆ ಒಂದು ಅಂಗೈ ಅಗಲ ಆಕಾಶ. ಒಳಗೆ ಬಂದು ಗೋಡೆಯೆದುರು ನಿಂತವರು ಪೈರಿನ ನಡುವೆ ನಿಂತ ಹಾಗೆ. ಏಣಿ ಹಿಡಿದ ನಾನೇ ಸಸಿ ತುಳಿದೆನೆಂದು ಎರಡು ಸಲ ಕಾಲು ಎತ್ತಿಟ್ಟೆ. ಆದರೆ ನಾನು ಹೆಂಡತಿ. ನನ್ನ ಕಾಲಿನ ಸಾಕ್ಷಿ ಯಾರಿಗೆ ಬೇಕು?

ಸಭಾಂಗಣದ ಕಾವಲುಗಾರ ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿದ್ದ. ಉದ್ಘಾಟನೆಯ ಹಿಂದಿನ ದಿನ ಸಂಜೆ ಅಧ್ಯಕ್ಷರು ಬಂದರು. ಜೊತೆಗೆ ಎರಡು ದೊಡ್ಡ ಡಬ್ಬಿ ಕ್ರೀಮ್ ಬಣ್ಣ.

"ಏನಯ್ಯಾ ಇದು? ನಗ್ತಾ ಇದ್ದ ಹುಡುಗೀರೆಲ್ಲ ಎಲ್ಲಿ ಹೋದ್ರು?"

"ಕೆಲಸಕ್ಕೆ ಹೋದ್ರು," ಎಂದೆ ನಾನು.

ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ. "ಒಬ್ಬರಿಗೂ ಮುಖ ಇಲ್ಲ. ನಾಳೆ ನಾಲ್ಕು ಊರಿನ ಜನ ಬರ್ತಾರೆ, ಅವರಿಗೆ ನಡು ನೆತ್ತಿ ತೋರಿಸ್ಲಾ? ಚೆನ್ನಾಗಿದ್ದಿದ್ದನ್ನ ಯಾಕೆ ಕೆಡಿಸ್ದೆ?"

"ಅದು ತಪ್ಪಾಗಿತ್ತು."

"ಯಾರಿಗೆ ಗೊತ್ತಾಗ್ತಿತ್ತು?"

"ನೆಟ್ಟವರಿಗೆ."

ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ಚಿಕ್ಕಂದಿನಲ್ಲಿ ಸಸಿ ಹೊತ್ತವರೇ. ಗದ್ದೆ ಬಿಟ್ಟು ಮೂವತ್ತು ವರ್ಷವಾಗಿತ್ತು, ಅಷ್ಟೆ. ಗಲ್ಲ ಕೆರೆದುಕೊಂಡು ಯೋಚಿಸಿದರು. "ಸರಿ, ಈಗ ಬದಲಾಯಿಸೋಕೆ ಹೊತ್ತಿಲ್ಲ. ನಾಳೆ ಬಂದೋರಲ್ಲಿ ಒಬ್ಬರಾದ್ರೂ ತಾವಾಗೇ 'ಚಿತ್ರ ಚೆನ್ನಾಗಿದೆ' ಅಂದ್ರೆ ಇರ್ಲಿ. ಇಲ್ಲಾಂದ್ರೆ ಸೋಮವಾರ ನೀನೇ ಈ ಕ್ರೀಮ್ ಹೊಡೆದುಕೊಡ್ಬೇಕು."

"ನಮ್ಮಮ್ಮ ಹೇಳಿದ್ರೆ ನಡೆಯುತ್ತಾ?" ಎಂದೆ.

"ನೆಂಟರು ಲೆಕ್ಕಕ್ಕಿಲ್ಲ ತಾಯಿ. ನಿಮ್ಮಮ್ಮನ ಗುಂಪೂ ಲೆಕ್ಕಕ್ಕಿಲ್ಲ."

ಡಬ್ಬಿಗಳನ್ನು ಗೋಡೆಯ ಮೂಲೆಯಲ್ಲಿ, ಮುಂದಿನ ಸಾಲಿನ ಸಸಿಗಳ ಪಕ್ಕದಲ್ಲಿಟ್ಟು ಹೋದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯಿತು. ಕಾವಲುಗಾರ ಸ್ಥಳ ಉಳಿಸಲೆಂದು ಕುರ್ಚಿಗಳ ಒಂದು ಸಾಲನ್ನು ಚಿತ್ರದ ಗೋಡೆಗೇ ಒತ್ತಿ ಹಾಕಿದ್ದ. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹಿಂದೆ ನಿಂತರು. ನಾನು ಅವರ ಪರವಾಗಿ ಕಿವಿ ತೆರೆದುಕೊಂಡು ಜನರ ನಡುವೆ ಸೇರಿದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು.

ಜನ ಒಳಗೆ ಬಂದರು, ಗೋಡೆ ಕಂಡರು, ನಿಂತರು. ಹಿಂದಿನವರು ಮುಂದಿನವರ ಬೆನ್ನಿಗೆ ಬಂದು ಬಡಿದರು. ಆಮೇಲೆ ಪರ ಊರಿನ ಇಬ್ಬರು ಗೋಡೆಯ ಹತ್ತಿರ ಹೋದರು. ನಾನೂ ಹಿಂದೆ ಹೋದೆ.

"ನೀರು ಜಾಸ್ತಿ ಆಯ್ತು," ಎಂದ ಒಬ್ಬ. "ಒಂದು ಬೆರಳು ಇಳಿಸಿದ್ರೆ ಸರಿಹೋಗುತ್ತೆ."

"ಇಳಿಸ್ಬೇಡ, ಕಳೆ ಬರುತ್ತೆ," ಎಂದ ಇನ್ನೊಬ್ಬ.

ಇಬ್ಬರೂ ಅಲ್ಲೇ ನಿಂತು ಜಗಳಕ್ಕೆ ಶುರುವಿಟ್ಟರು. ಅತ್ತ ಒಬ್ಬಾಕೆ ಸಸಿ ತುಂಬಾ ಒತ್ತೊತ್ತಾಗಿದೆ ಎನ್ನುತ್ತಿದ್ದಳು. ಇತ್ತ ಇನ್ನೊಬ್ಬರು ಇದು ಯಾವ ತಳಿ, ಎಷ್ಟು ದಿನದ ಸಸಿ ಎಂದು ಕೇಳುತ್ತಿದ್ದರು. ಹುಣಿಸೆ ಹುಳಿಯಂಥ ಮುಖದ ರೈತನೊಬ್ಬ ಬದು ಸರಿಯಾಗಿ ಕಟ್ಟಿಲ್ಲ ಎಂದ. ಚೆನ್ನಾಗಿದೆ ಎಂದು ಮಾತ್ರ ಒಬ್ಬನೂ ಹೇಳಲಿಲ್ಲ. ನಾನು ಮೂಲೆಯ ಕ್ರೀಮ್ ಡಬ್ಬಿಗಳ ಕಡೆ ನೋಡಿದೆ.

ಅಷ್ಟರಲ್ಲಿ ಅಮ್ಮನ ಗುಂಪು ಬಂತು. ಒಗೆದ ಬಟ್ಟೆ, ಬಾಚಿದ ತಲೆ. ಸಾಲಾಗಿ ನಿಂತು ನೋಡಿದರು. ಗಂಟಲಕ್ಕನಿಗೇ ಗಂಟಲು ಕಟ್ಟಿತ್ತು. ಮೊದಲು ಮಾತಾಡಿದವಳು ಉದ್ದಕ್ಕ.

"ಅದು ನಾನು," ಎಂದಳು, ಮೆಲ್ಲಗೆ. "ನನ್ನ ಬೆನ್ನು ನಾನೇ ನೋಡಿರ್ಲಿಲ್ಲ."

"ನಾನು ನೋಡಿ ನೋಡಿ ಸಾಕಾಗಿದೆ," ಎಂದು ಗಂಟಲಕ್ಕನ ದನಿ ಮರಳಿ ಬಂತು. "ನಿನ್ನ ಪಕ್ಕದ್ದು ನಂದು. ಬಾಯಿ ಕಾಣಲ್ಲ, ಆದ್ರೂ ಮಾತಾಡ್ತಾ ಇದ್ದೀನಿ ಅಂತ ಗೊತ್ತಾಗುತ್ತೆ ನೋಡು."

ಒಬ್ಬೊಬ್ಬರಾಗಿ ತಮ್ಮನ್ನು ಗುರುತಿಸಿಕೊಂಡರು. ಸೊಟ್ಟ ಹೆಬ್ಬೆರಳಿನಿಂದ ಒಬ್ಬಳು, ತಲೆಬಟ್ಟೆಯ ಗಂಟಿನಿಂದ ಒಬ್ಬಳು. ಅಮ್ಮ ತನ್ನ ಇಳಿದ ಭುಜವನ್ನು ಗೋಡೆಯ ಮೇಲೆ ನೋಡಿದಳು, ಆಮೇಲೆ ಬಲಗೈಯಿಂದ ನಿಜವಾದ ಭುಜ ಮುಟ್ಟಿ ನೋಡಿಕೊಂಡಳು. ಗೋಡೆಯ ಮೇಲಿನ ತಲೆಗಳನ್ನು ಎಣಿಸತೊಡಗಿದಳು. "ಹದಿಮೂರು ಜನ ಇದ್ದಾರೆ. ನಾವು ಹನ್ನೆರಡೇ ಅಲ್ವಾ?"

ಆದರೆ ಇವರ್ಯಾರೂ ಲೆಕ್ಕಕ್ಕಿರಲಿಲ್ಲ.

ಸಭೆ ಶುರುವಾಗುವ ಹೊತ್ತಾಯಿತು. ಕಾವಲುಗಾರ ಎಲ್ಲರನ್ನೂ ಕೂರಿಸುತ್ತಾ ಬಂದ. ದೂರದ ಊರಿನ ಒಬ್ಬ ಮುದುಕರಿಗೆ ಗೋಡೆಗೆ ಒತ್ತಿದ ಕುರ್ಚಿ ತೋರಿಸಿದ. ಮುದುಕರು ಕೂರಲಿಲ್ಲ. ಕುರ್ಚಿಯನ್ನು ಎತ್ತಿದರು, ಎರಡು ಹೆಜ್ಜೆ ಮುಂದೆ ತಂದಿಟ್ಟರು, ಹಿಂದೆ ತಿರುಗಿ ಗೋಡೆಯ ಬುಡ ನೋಡಿ ಖಾತ್ರಿ ಮಾಡಿಕೊಂಡರು, ಆಮೇಲೆ ಕೂತರು. ಪಕ್ಕದಲ್ಲಿ ಆಗಲೇ ಕೂತಿದ್ದ ಅಪರಿಚಿತನಿಗೆ, "ಏಳಪ್ಪಾ, ಸಸಿ ಮೇಲೆ ಕೂತಿದ್ದೀಯ," ಎಂದರು.

ಅವನು ನಕ್ಕ. ನಗುತ್ತಲೇ ಕೆಳಗೆ ನೋಡಿದ. ಎದ್ದ. ಅವನೂ ಕುರ್ಚಿ ಎತ್ತಿದ. ಅದನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಅದರಾಚೆಯವರು. ಕುರ್ಚಿಯ ಕಾಲುಗಳು ನೆಲಕ್ಕೆ ಉಜ್ಜುವ ಸದ್ದು ಈ ತುದಿಯಿಂದ ಆ ತುದಿಗೆ ಹೋಯಿತು. ಮೂವತ್ತಡಿ ಗೋಡೆಯ ಉದ್ದಕ್ಕೂ ಒಂದು ಗಜ ನೆಲ ಖಾಲಿಯಾಯಿತು. ಯಾರೂ ಹೇಳದೆ ಎಲ್ಲರೂ ಆ ಜಾಗ ಬಿಟ್ಟೇ ಓಡಾಡಿದರು. ಬಾಗಿಲ ಹಿಂದಿದ್ದ ನನ್ನ ಗಂಡ ಯಾವಾಗ ಹೊರಗೆ ಬಂದು ನಿಂತರೋ ನನಗೆ ತಿಳಿಯಲಿಲ್ಲ.

ಅಧ್ಯಕ್ಷರು ಆ ಕುರ್ಚಿ ಸಾಲಿನ ತುದಿಯಲ್ಲಿ ನಿಂತು ಮೈಕು ಹಿಡಿದು ಸ್ವಾಗತ ಹೇಳುತ್ತಿದ್ದರು. ತಂತಿ ಕಾಲಿಗೆ ತೊಡರಿತೆಂದು ಬಿಡಿಸಿಕೊಳ್ಳಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಹಿಮ್ಮಡಿ ಗೋಡೆಯ ಬುಡಕ್ಕೆ ಬಂತು.

"ಅಧ್ಯಕ್ಷರೇ, ಕಾಲು," ಎಂದಳು ಗಂಟಲಕ್ಕ. ಅವಳಿಗೆ ಮೈಕು ಬೇಕಿರಲಿಲ್ಲ.

ಅಧ್ಯಕ್ಷರು ಕೆಳಗೆ ನೋಡಿದವರೇ ಬಿಸಿ ತಾಗಿದವರ ಹಾಗೆ ಕಾಲು ಎತ್ತಿದರು. ಒಂಟಿ ಕಾಲಲ್ಲಿ ನಿಂತರು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ, ಎರಡು ಸಾಲಿನ ನಡುವೆ ಜಾಗ ಹುಡುಕಿ, ಗದ್ದೆಯವರು ಇಡುವ ಹಾಗೆ ಬೆರಳು ಮುಂದೆ ಮಾಡಿ ಮೆಲ್ಲಗೆ ಇಟ್ಟರು. ಆಮೇಲೆ ತಾವು ಇಟ್ಟದ್ದು ಗಾರೆ ನೆಲದ ಮೇಲೆ ಎಂಬುದು ಅವರಿಗೆ ಹೊಳೆಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೈಕಿನಲ್ಲಿ ಅಧ್ಯಕ್ಷರ ನಗುವೂ ಕೇಳಿಸಿತು.

ನಗು ನಿಂತ ಮೇಲೂ ಅವರು ಗೋಡೆ ನೋಡುತ್ತಲೇ ಇದ್ದರು. "ಈ ಮುಂದುಗಡೆ ಗೂಡಿಗೆ ಬಿದ್ದಿದ್ದಾನಲ್ಲ, ಇವನು ಯಾರು?" ಎಂದರು.

ಆಗ ಎಲ್ಲರೂ ಕಂಡರು. ಉಳಿದವರಿಗಿಂತ ನಮಗೆ ಹತ್ತಿರದಲ್ಲಿ, ಎರಡು ಹಸಿರು ಗೋಡೆಗಳ ನಡುವೆ ಒಬ್ಬನೇ ಒಬ್ಬ ಗಂಡಸು ಬಗ್ಗಿದ್ದ. ಅವನ ಸಾಲು ಹಾವು ಹರಿದ ಹಾಗಿತ್ತು.

"ನನ್ನ ಅಳಿಯಂದ್ರು," ಎಂದಳು ಅಮ್ಮ. ಎದ್ದು ನಿಂತು ಹೇಳಿದಳು.

ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ನಾಲ್ಕು ಊರಿನ ಜನ ತಿರುಗಿ ನನ್ನ ಗಂಡನನ್ನು ನೋಡಿದರು. ಅವರು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು, ಅದು ಸರಿಯಲ್ಲವೆಂದು ಮತ್ತೆ ತೆಗೆದು, ಕೊನೆಗೆ ಸೊಂಟ ಹಿಡಿದುಕೊಂಡು ನಿಂತರು. ಸೊಂಟ ಇನ್ನೂ ನೋಯುತ್ತಿತ್ತು.

"ಬೋರ್ಡಣ್ಣ," ಎಂದರು ಅಧ್ಯಕ್ಷರು ಮೈಕಿನಲ್ಲೇ, "ಆ ಮೂಲೆಯ ಡಬ್ಬಿಗಳನ್ನ ಮನೆಗೆ ತಗೊಂಡು ಹೋಗು. ಯಾರಾದ್ರೂ ಎಡವಿದ್ರೆ ಗದ್ದೆಗೆ ಚೆಲ್ಲುತ್ತೆ."

ಚೆನ್ನಾಗಿದೆ ಎಂದು ಅವರೂ ಹೇಳಲಿಲ್ಲ. ಇಂದಿನವರೆಗೂ ಯಾರೂ ಹೇಳಿಲ್ಲ. ಆ ಸಭಾಂಗಣದಲ್ಲಿ ಎಷ್ಟೇ ನೂಕುನುಗ್ಗಲಾದರೂ ಗೋಡೆಯಿಂದ ಒಂದು ಗಜ ಈಚೆಗೇ ಕುರ್ಚಿ ಹಾಕುತ್ತಾರೆ. ಕ್ರೀಮ್ ಬಣ್ಣ ಈಗ ನಮ್ಮ ಅಡುಗೆಮನೆಯ ಗೋಡೆಗಳ ಮೇಲಿದೆ.

ಅಂದು ಮನೆಗೆ ಹೊರಟಾಗ ಅಮ್ಮ ಒಂದು ಡಬ್ಬಿ ಹಿಡಿದುಕೊಂಡಿದ್ದಳು, ಅವರು ಒಂದು. ಬೀದಿಯ ತಿರುವಿನಲ್ಲಿ ಅಮ್ಮ ನಿಂತಳು. "ಅಳಿಯಂದ್ರೇ, ನಿಮ್ಮ ಸಾಲು ತುಂಬಾ ಸೊಟ್ಟ."

"ಗದ್ದೇಲಿ ಹಾಗೇ ಇತ್ತಲ್ಲ ಅತ್ತೆ."

"ಹಾಗೇ ಇತ್ತು," ಎಂದಳು ಅಮ್ಮ. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಮುಂದಿನ ನಾಟಿಗೆ ಬನ್ನಿ, ನಿಮಗೊಂದು ಸಾಲು ಬಿಟ್ಟಿರ್ತೀನಿ. ಚಪ್ಪಲಿ ಮಾತ್ರ ಬದು ಮೇಲೆ."